ವಾಪಸ್ ತರುವ ಕೈಗೆ ಎಷ್ಟು? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಇದೇ ಪುಟದಲ್ಲಿ ಅರ್ಧ ಕಾಲಂ ಬರೆದಿದ್ದೆ. ಫ್ಯಾಕ್ಟರಿಯಿಂದ ಅಂಗಡಿಗೆ, ಅಂಗಡಿಯಿಂದ ನಮ್ಮ ಮನೆಗೆ ಬರುವ ಸಾಮಾನು ಕೆಟ್ಟ ಮೇಲೆ ತಿಪ್ಪೆಗೆ ಹೋಗಬಾರದು, ಮತ್ತೆ ಫ್ಯಾಕ್ಟರಿಗೇ ಹೋಗಿ ಹೊಸ ಸಾಮಾನಾಗಿ ಬರಬೇಕು, ಆ ಸುತ್ತು ಮುಚ್ಚಲಿ ಅಂತ ಸರ್ಕಾರ ಒಂದು ಕೈಯಲ್ಲಿ ಸಬ್ಸಿಡಿ, ಇನ್ನೊಂದು ಕೈಯಲ್ಲಿ ದಂಡ ಹಿಡಿದು ನಿಂತಿದೆ ಅಂತ. ಅಷ್ಟಕ್ಕೇ ಪತ್ರಗಳ ಮೇಲೆ ಪತ್ರ. ಕೆಲವರು ಬೈದಿದ್ದೀರಿ, ಅದೂ ಸರಿಯೇ. ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸಾರ್, ನಮ್ಮ ಇನ್ವರ್ಟರ್ ಬ್ಯಾಟರಿ ಆರು ವರ್ಷಕ್ಕೆ ಕೈ ಕೊಟ್ಟಿತು. ಹೊಸದು ತೆಗೆದುಕೊಂಡರೆ ಹಳೆಯದಕ್ಕೆ 4,000 ಹಿಡಿಯುತ್ತೇನೆ ಅಂತ ಡೀಲರ್ ಹೇಳಿದ. ಬೀದಿಯಲ್ಲಿ ಕೂಗಿಕೊಂಡು ಬಂದ ಗುಜರಿಯವನು 4,600 ಎಣಿಸಿಕೊಟ್ಟು ಹೊತ್ತುಕೊಂಡು ಹೋದ. ಈಗ ಮಗ ಬೆಂಗಳೂರಿಂದ ಫೋನ್ ಮಾಡಿದಾಗಲೆಲ್ಲ ಪರಿಸರ ಹಾಳು ಮಾಡಿದಿರಿ ಅಂತಾನೆ. ನಾನು ಮಾಡಿದ್ದು ತಪ್ಪಾ? ತಪ್ಪು ಅನ್ನುವುದಾದರೆ, ಸರಿಯಾದ ದಾರಿಯಲ್ಲಿ ಕೊಡುವವನಿಗೆ 600 ರೂಪಾಯಿ ಕಡಿಮೆ ಯಾಕೆ? (ನಿವೃತ್ತ ಬ್ಯಾಂಕ್ ನೌಕರರು, ಕುವೆಂಪುನಗರ, ಮೈಸೂರು)

ಉತ್ತರ: ನಿಮ್ಮ ಮಗ ಹೇಳುವುದು ಸುಳ್ಳಲ್ಲ. ಆದರೆ ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ, ಯಾಕೆಂದರೆ ಕೆಲವು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ. ಒಂದು ವ್ಯತ್ಯಾಸ ಏನೆಂದರೆ, ತೂಕದಲ್ಲಿ ಮೋಸ ಮಾಡ್ತಾರೆ ಅಂತ ಬ್ಯಾಟರಿ ಜೊತೆ ನಾನೂ ಆಟೋ ಹತ್ತಿ ಗುಜರಿ ಅಂಗಡಿಗೇ ಹೋದೆ. ಅಲ್ಲಿ ಒಬ್ಬ ಹುಡುಗ, ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ, ಬ್ಯಾಟರಿಯ ಆರು ಮುಚ್ಚಳವನ್ನೂ ತಿರುವಿ ತೆಗೆದು, ಅಂಗಡಿ ಹಿಂದಿನ ಚರಂಡಿ ಅಂಚಿಗೆ ಎಳೆದುಕೊಂಡು ಹೋಗಿ ಬೋರಲು ಹಾಕಿದ. ಗಳಗಳ ಅಂತ ಆಸಿಡ್ ಇಳಿಯಿತು. ಸಿಮೆಂಟಿನ ಮೇಲೆ ಬಿದ್ದದ್ದು ಬುಸುಬುಸು ನೊರೆ ಎದ್ದು ಬೆಳ್ಳಗಾಯಿತು. ಯಾಕಪ್ಪ ಹೀಗೆ ಅಂದರೆ ಮಾಲೀಕ ನಕ್ಕು, "ನೀರಿಗೂ ಕಾಸು ಕೊಡಕ್ಕಾಯ್ತದಾ ಸಾರ್?" ಅಂದ. ಆಮೇಲೆ ತೂಕಕ್ಕೆ ಹಾಕಿದ. ದುಡ್ಡು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಮುಂದಿನ ವಾರ ಪ್ಯಾಂಟು ಒಗೆದು ಬಂದಾಗ ಪಾದದ ಹತ್ತಿರ ಕಡಲೆಕಾಳಿನಷ್ಟು ಎರಡು ತೂತು. ಪ್ಯಾಂಟಿಗೆ ಹೀಗಾದರೆ, ಆ ಹುಡುಗನ ಕೈಗೆ?

ಈಗ ಲೆಕ್ಕಕ್ಕೆ ಬನ್ನಿ. ಇಂಥ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸ. ಸೀಸ 327 ಡಿಗ್ರಿಗೆ ಕರಗುತ್ತದೆ, ಅಂದರೆ ನಾಲ್ಕು ಸೌದೆ, ಒಂದು ಕಬ್ಬಿಣದ ಬಾಣಲೆ ಇದ್ದರೆ ಸಾಕು. ಎಷ್ಟು ಸಲ ಕರಗಿಸಿದರೂ ಅದರ ಗುಣ ಕೆಡುವುದಿಲ್ಲ. ಹಾಗಾಗಿ ಸೀಸದ ಬ್ಯಾಟರಿ ಯಾರ ಮನೆಯ ಕಸದ ಬುಟ್ಟಿಯಲ್ಲೂ ಕಾಣುವುದಿಲ್ಲ, ಎಲ್ಲವೂ ಮಾರಾಟವಾಗುತ್ತದೆ, ಎಲ್ಲವೂ ಮತ್ತೆ ಸೀಸವಾಗುತ್ತದೆ. ಪುಸ್ತಕದ ಪ್ರಕಾರ ಇದು ಮುಚ್ಚಿದ ಸುತ್ತು. ಭೇಷ್ ಅನ್ನಬೇಕು. ಆದರೆ ಸುತ್ತು ಮುಚ್ಚಿದೆ ಅಂದಮಾತ್ರಕ್ಕೆ ಅದು ಒಳ್ಳೆಯದಾಗಿದೆ ಅಂತಲ್ಲ. ಹೊಲದ ಬದುವಿನಲ್ಲಿ, ಶೆಡ್ಡಿನ ಹಿಂದೆ ಕರಗಿಸಿದಾಗ ಹೊಗೆ, ಧೂಳು ಎಲ್ಲ ಸುತ್ತಲಿನ ಮಣ್ಣಿಗೆ, ಅಲ್ಲಿಂದ ಮಕ್ಕಳ ಬಾಯಿಗೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆ ಸೇರಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 80 ಕೋಟಿ ಮಕ್ಕಳ, ಅಂದರೆ ಮೂರರಲ್ಲಿ ಒಂದು ಮಗುವಿನ, ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದೆ. ಹಾಗೆ ಸೇರಲು ಮುಖ್ಯ ಕಾರಣಗಳಲ್ಲಿ ಒಂದು ಅಂತ ಅದೇ ವರದಿ ಹೆಸರಿಸಿದ್ದು ಇದೇ ಹಳೇ ಬ್ಯಾಟರಿ ಕರಗಿಸುವ ಕೆಲಸವನ್ನು.

ಅನುಮತಿ ಪಡೆದ ಕಾರ್ಖಾನೆಯವರು ಆಸಿಡ್ಡನ್ನು ಹಿಡಿದು ಶುದ್ಧ ಮಾಡಬೇಕು, ಹೊಗೆಗೆ ಫಿಲ್ಟರ್ ಹಾಕಬೇಕು, ಕೆಲಸಗಾರರ ಆರೋಗ್ಯ ನೋಡಬೇಕು, ಬಿಲ್ ಹರಿಯಬೇಕು, ತೆರಿಗೆ ಕಟ್ಟಬೇಕು. ಆ ಖರ್ಚೆಲ್ಲ ಕಳೆದು ಉಳಿದದ್ದರಲ್ಲಿ ಅವರು ಡೀಲರಿಗೆ ಕೊಡುತ್ತಾರೆ, ಡೀಲರ್ ನಿಮಗೆ. ಗುಜರಿಯವನಿಗೆ ಇದ್ಯಾವುದೂ ಇಲ್ಲ. ನೀವು ಕೇಳಿದ 600 ರೂಪಾಯಿ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರ ಅದೇ: ಆಸಿಡ್ಡನ್ನು ಚರಂಡಿಗೆ ಸುರಿದು ಉಳಿಸಿದ ದುಡ್ಡು ಅದು. ಅದರಲ್ಲಿ ನಿಮಗೂ ಒಂದು ಪಾಲು ಸಿಕ್ಕಿತು, ನನಗೂ ಸಿಕ್ಕಿತ್ತು.

ಸರ್ಕಾರ ಸುಮ್ನೆ ಕೂತಿಲ್ಲ. 2001ರಲ್ಲೇ ಒಂದು ನಿಯಮ ಬಂತು, ಹಳೇ ಬ್ಯಾಟರಿಯನ್ನು ಡೀಲರ್ ವಾಪಸ್ ತೆಗೆದುಕೊಳ್ಳಬೇಕು ಅಂತ. 2022ರ ಆಗಸ್ಟ್‌ನಲ್ಲಿ ಅದನ್ನು ತೆಗೆದು ಹೊಸ ಬ್ಯಾಟರಿ ತ್ಯಾಜ್ಯ ನಿಯಮ ತಂದರು. ಈಗ ಜವಾಬ್ದಾರಿ ಬ್ಯಾಟರಿ ಮಾಡಿ ಮಾರುವ ಕಂಪನಿಯದು. ಇಷ್ಟು ಮಾರಿದೆ ಅಂದರೆ ಇಷ್ಟು ಹಳೆಯದು ವಾಪಸ್ ಬಂದು ರೀಸೈಕಲ್ ಆಗಿರಬೇಕು, ಅದಕ್ಕೆ ಪುರಾವೆಯಾಗಿ ರೀಸೈಕ್ಲಿಂಗ್ ಮಾಡಿದವರಿಂದ ಸರ್ಟಿಫಿಕೇಟ್ ಕೊಂಡಿರಬೇಕು. ಸಾಲದೇ ಹೋದರೆ ಪರಿಹಾರ ಕಟ್ಟಬೇಕು. ಯೋಚನೆ ಚೆನ್ನಾಗಿದೆ. ಆದರೆ ದುಡ್ಡು ಓಡಾಡುವ ದಾರಿ ನೋಡಿ: ಕಂಪನಿಯಿಂದ ರೀಸೈಕ್ಲಿಂಗ್ ಕಾರ್ಖಾನೆಗೆ. ಬ್ಯಾಟರಿ ಓಡಾಡುವ ದಾರಿ ನಿಮ್ಮ ಮನೆಯ ಗೇಟಿನಿಂದ ಶುರು. ಆ ದುಡ್ಡಿನಲ್ಲಿ ನಾಲ್ಕಾಣೆ ಆದರೂ ನಿಮ್ಮ ಗೇಟಿನ ತನಕ ಬಂದರೆ ತಾನೇ ನೀವು ಗುಜರಿಯವನಿಗೆ ಬೇಡಪ್ಪ ಅನ್ನುವುದು? ಹಳೆಯದನ್ನು ದುಡ್ಡು ಕೊಟ್ಟು ಕೊಳ್ಳುವ, ಮುಂಗಡ ಹಿಡಿದು ವಾಪಸ್ ಕೊಡುವ ಪದ್ಧತಿಗೆ ಆ ನಿಯಮದಲ್ಲೇ ಜಾಗ ಇದೆ. ಕಡ್ಡಾಯ ಇಲ್ಲ, ಅಷ್ಟೇ.

ಸದ್ಯಕ್ಕೆ ನೀವು ಮಾಡಬಹುದಾದ್ದು: ಮುಂದಿನ ಸಲ ಎರಡು ಮೂರು ಡೀಲರ್ ಹತ್ತಿರ ಕೇಳಿ, ಎಕ್ಸ್‌ಚೇಂಜ್ ರೇಟಿನಲ್ಲಿ ಚೌಕಾಸಿ ನಡೆಯುತ್ತದೆ. ಹಳೇ ಬ್ಯಾಟರಿಗೆ ಹಿಡಿದ ಮೊತ್ತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮುಚ್ಚಳ ಬಿಗಿಯಾಗಿ, ಬ್ಯಾಟರಿ ನೆಟ್ಟಗೆ ನಿಂತೇ ಹೋಗಲಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಮುಗಿಸಿ ಊರಿಗೇ ಬಂದಿದ್ದೇನೆ. ಹಳೇ ಮೊಬೈಲ್, ಲಿಥಿಯಂ ಬ್ಯಾಟರಿ ರೀಸೈಕ್ಲಿಂಗ್ ಘಟಕ ಹಾಕುವ ಆಸೆ. ಇದಕ್ಕೆ ಭಾರಿ ಸಬ್ಸಿಡಿ ಇದೆ ಅಂತ ಯೂಟ್ಯೂಬಿನಲ್ಲಿ ನೋಡಿದೆ. ನಿಜವಾ ಅಣ್ಣ? (ತೂಬಿನಕೆರೆ ಹತ್ತಿರದ ಓದುಗ, ಮಂಡ್ಯ)

ಉತ್ತರ: ಸಬ್ಸಿಡಿ ನಿಜ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 1,500 ಕೋಟಿ ರೂಪಾಯಿಯ ಒಂದು ಯೋಜನೆ ಒಪ್ಪಿತು. ಇ-ತ್ಯಾಜ್ಯ, ಲಿಥಿಯಂ ಬ್ಯಾಟರಿಯಂಥ ಗುಜರಿಯಿಂದ ಲಿಥಿಯಂ, ಕೋಬಾಲ್ಟ್ ಥರದ ಅಪರೂಪದ ಖನಿಜ ತೆಗೆಯುವವರಿಗೆ, ಯಂತ್ರದ ಖರ್ಚಿನಲ್ಲಿ 20 ಪರ್ಸೆಂಟ್, ಜೊತೆಗೆ ಮಾರಾಟ ಹೆಚ್ಚಾದ ಮೇಲೆ ಇನ್ನೊಂದಿಷ್ಟು. ಮೂರನೇ ಒಂದು ಭಾಗ ಸಣ್ಣವರಿಗೆ, ಹೊಸಬರಿಗೆ ಅಂತ ಎತ್ತಿಟ್ಟಿದ್ದಾರೆ. ಆದರೆ ಅವರ ಲೆಕ್ಕದಲ್ಲಿ ಸಣ್ಣವನು ಅಂದರೆ ನಾನು ನೀನು ಅಲ್ಲಪ್ಪ, ಅವನಿಗೆ ಸಿಗುವ ಗರಿಷ್ಠ ಮೊತ್ತವೇ 25 ಕೋಟಿ. ಸುಮ್ನೆ ಬಿಚ್ಚಿ, ಬೇರ್ಪಡಿಸಿ, ಪುಡಿ ಮಾಡಿ ಮಾರುವವರಿಗೆ ಈ ಯೋಜನೆ ಅಲ್ಲ, ಕೊನೆಗೆ ಖನಿಜ ಹೊರಗೆ ಬರಬೇಕು.

ನಿನ್ನ ಅಳತೆಗೆ ಸರಿಹೋಗುವುದು ಪಿಎಂಇಜಿಪಿ, ಅಂದರೆ ಸ್ವಂತ ಉದ್ಯೋಗಕ್ಕೆ ಸಾಲದ ಜೊತೆ ಸಬ್ಸಿಡಿ ಕೊಡುವ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ. ತಯಾರಿಕಾ ಘಟಕಕ್ಕೆ 50 ಲಕ್ಷದ ತನಕದ ಯೋಜನೆ. ಹಳ್ಳಿಯಲ್ಲಾದರೆ ಸಾಮಾನ್ಯ ವರ್ಗಕ್ಕೆ 25 ಪರ್ಸೆಂಟ್ ಸಬ್ಸಿಡಿ, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು ಮುಂತಾದವರಿಗೆ 35. ಪೇಟೆಯಲ್ಲಾದರೆ 15 ಮತ್ತು 25. ಇದರ ಮೇಲೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಕೇಂದ್ರ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಣಿ ಬೇಕು.

ಇನ್ನು ಯೂಟ್ಯೂಬಿನವರು ಹೇಳದ ಮಾತು. ಸಬ್ಸಿಡಿ ಸಿಗುವುದು ಯಂತ್ರಕ್ಕೆ. ಯಂತ್ರದ ಬಾಯಿಗೆ ಹಾಕುವ ಮಾಲು ಎಲ್ಲಿಂದ ತರುತ್ತೀಯ? ಮಂಡ್ಯದವನಿಗೆ ಇದನ್ನ ಬಿಡಿಸಿ ಹೇಳಬೇಕಾ, ಗಾಣ ತಂದು ನಿಲ್ಲಿಸಿ ಕಬ್ಬಿಲ್ಲದೆ ಕೂತರೆ ಏನಾಗುತ್ತೆ ಅಂತ. ಹಳೇ ಮೊಬೈಲುಗಳು ನಮ್ಮ ಮನೆಗಳ ಡ್ರಾಯರಿನಲ್ಲಿ ಮಲಗಿವೆ, ಅಲ್ಲಿಂದ ಎದ್ದರೆ ಪಾತ್ರೆ ಸಾಮಾನಿನವನ ಕೈಗೆ, ಅಲ್ಲಿಂದ ಗುಜರಿಗೆ, ಗುಜರಿಯಿಂದ ದೊಡ್ಡ ಊರಿನ ದೊಡ್ಡ ಗುಜರಿಗೆ. ಆ ಸಾಲಿನಲ್ಲಿ ಪ್ರತಿಯೊಬ್ಬನಿಗೂ ಅವತ್ತಿನ ದುಡ್ಡು ಅವತ್ತೇ ಬೇಕು. ನೀನು ಚೆಕ್ ಕೊಡ್ತೀನಿ, ಜಿಎಸ್‌ಟಿ ನಂಬರ್ ಕೊಡು ಅಂದರೆ ಮಾಲು ನಿನ್ನ ಗೇಟು ದಾಟುವುದಿಲ್ಲ.

ಮೇಲಿನ ಪತ್ರಕ್ಕೆ ಹೇಳಿದಂಥ ರೀಸೈಕ್ಲಿಂಗ್ ಸರ್ಟಿಫಿಕೇಟ್ ಕಂಪನಿಗಳಿಗೆ ಮಾರಿ ದುಡ್ಡು ಮಾಡುತ್ತೇನೆ ಅನ್ನುವ ಲೆಕ್ಕವೂ ನಿನ್ನ ತಲೆಯಲ್ಲಿ ಇರಬಹುದು. ಇ-ತ್ಯಾಜ್ಯದ ಹೊಸ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಕಂಪನಿಗಳು ರೀಸೈಕಲ್ ಮಾಡಿಸಬೇಕಾದ ಗುರಿ ಮೊದಲ ಎರಡು ವರ್ಷ 60 ಪರ್ಸೆಂಟ್, ಆಮೇಲೆ 70, ಆಮೇಲೆ 80. ಸರ್ಟಿಫಿಕೇಟ್ ರೇಟು ಪಾತಾಳಕ್ಕೆ ಇಳಿದು ಪ್ರಾಮಾಣಿಕವಾಗಿ ಮಾಡುವವನು ಸಾಯಬಾರದು ಅಂತ ಸರ್ಕಾರ ಗೃಹೋಪಯೋಗಿ ಎಲೆಕ್ಟ್ರಾನಿಕ್ಸ್‌ಗೆ ಕೆ.ಜಿ.ಗೆ ಕನಿಷ್ಠ 22 ರೂಪಾಯಿ ಅಂತ ಕಟ್ಟಿತು. ಇದು ಜಾಸ್ತಿಯಾಯಿತು ಅಂತ ದೊಡ್ಡ ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು. ರೇಟು ಯಾಕೆ ಇಳಿಯುತ್ತೆ ಅಂತೀಯಾ? ಮಾಲನ್ನೇ ಮುಟ್ಟದೆ ಕಾಗದ ಹುಟ್ಟಿಸುವವರು ಇದ್ದಾರೆ. ಪ್ಲಾಸ್ಟಿಕ್ ವಿಷಯದಲ್ಲಿ 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ ಸುಮಾರು 6 ಲಕ್ಷ ನಕಲಿ ಸರ್ಟಿಫಿಕೇಟ್ ಸಿಕ್ಕಿದವು, ಹಾಗೆ ಹುಟ್ಟಿಸಿದವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಕಾಗದಕ್ಕೆ ದುಡ್ಡು ಕಟ್ಟಿದರೆ ಕಾಗದವೇ ಜಾಸ್ತಿ ಬೆಳೆಯುತ್ತೆ.

ನನ್ನ ಮಾತು ಕೇಳುವುದಾದರೆ ಮೊದಲ ವರ್ಷ ಯಂತ್ರ ಬೇಡ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ, ಮೈಸೂರಿನ ಗುಜರಿ ಅಂಗಡಿ, ಮೊಬೈಲ್ ರಿಪೇರಿ ಅಂಗಡಿಗಳನ್ನು ಸುತ್ತು. ತಿಂಗಳಿಗೆ ಎಷ್ಟು ಕೆ.ಜಿ. ಬರುತ್ತೆ, ಯಾವ ದಿನ ಸಂತೆ, ಯಾವ ದಿನ ಲಾರಿ ಹೋಗುತ್ತೆ, ಬರೆದುಕೋ. ಸಂಗ್ರಹ ಮಾತ್ರ ಮಾಡಿ, ನೋಂದಣಿ ಇರುವ ದೊಡ್ಡ ಘಟಕಕ್ಕೆ ಕಳಿಸು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಮಾತ್ರ ಮನೆಯಲ್ಲಿ ಇಡಬೇಡ, ಬೆಂಕಿ ಹತ್ತಿಕೊಳ್ಳುತ್ತೆ.

ಪ್ರಶ್ನೆ: ನಮ್ಮದು ಪಾಂಡವಪುರ ಕಡೆ ಆಲೆಮನೆ. ನಮ್ಮ ತಾತನ ಕಾಲದಿಂದ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಒಲೆಗೆ ಹಾಕಿ ಬೆಲ್ಲ ಬೇಯಿಸುತ್ತಿದ್ದೇವೆ. ನಿಮ್ಮ ಸುತ್ತು ಮುಚ್ಚುವ ಕಥೆ ನಮಗೆ ಹೊಸದಲ್ಲ. ಫ್ಯಾಕ್ಟರಿಯವರಿಗೆ ಎಥೆನಾಲ್‌ಗೆ ಅಂತ ಅಷ್ಟು ಕೊಡುತ್ತಾರೆ, ನಮಗೆ ಯಾಕಿಲ್ಲ? (ಆಲೆಮನೆ ಮಾಲೀಕರು)

ಉತ್ತರ: ಯಜಮಾನರೇ, ನಿಮ್ಮ ಪತ್ರ ಓದಿ ಬೆಲ್ಲದ ಪಾಕದ ವಾಸನೆ ಬಂದ ಹಾಗಾಯಿತು. ಗಾಣದಿಂದ ಬಿದ್ದ ಹಸಿ ಸಿಪ್ಪೆಯನ್ನು ಅಂಗಳದಲ್ಲಿ ಹರಡಿ, ಬಿಸಿಲಿಗೆ ಗರಿಗರಿ ಆದ ಮೇಲೆ ಒಬ್ಬ ಕೂತು ಒಂದೊಂದೇ ತೆಕ್ಕೆ ಒಲೆಯ ಬಾಯಿಗೆ ತಳ್ಳುತ್ತಿರುತ್ತಾನಲ್ಲ, ಮೇಲೆ ಕೊಪ್ಪರಿಗೆಯಲ್ಲಿ ಅದೇ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಕಬ್ಬನ್ನು ಕಬ್ಬೇ ಬೇಯಿಸುವುದು. ಒಂದು ರೂಪಾಯಿ ಸಬ್ಸಿಡಿ ಇಲ್ಲದೆ ನಡೆದುಕೊಂಡು ಬಂದಿದೆ, ಯಾಕೆಂದರೆ ಸಿಪ್ಪೆ ಬೀಳುವ ಜಾಗಕ್ಕೂ ಒಲೆಗೂ ನಡುವೆ ಇರುವುದು ನಾಲ್ಕು ಮಾರು. ಯಾರೂ ಊರೂರು ಸುತ್ತಿ ಸಿಪ್ಪೆ ಸಂಗ್ರಹ ಮಾಡಬೇಕಿಲ್ಲ.

ಆದರೂ ಒಂದೆರಡು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸೌದೆಯ ಮಟ್ಟಿಗೆ ನಿಮ್ಮ ಸುತ್ತು ಮುಚ್ಚಿದೆ, ಮಣ್ಣಿನ ಮಟ್ಟಿಗೆ ಮುಚ್ಚಿಲ್ಲ. ಗದ್ದೆಯ ಸಾರ ಕಬ್ಬಿನ ಜೊತೆ ಆಲೆಮನೆಗೆ ಬಂತು. ಸುಟ್ಟಾಗ ಸಾರಜನಕ ಹೊಗೆಯಲ್ಲಿ ಹೋಯಿತು. ಪೊಟ್ಯಾಷ್ ಬೂದಿಯಲ್ಲಿ ಉಳಿಯಿತು. ಆ ಬೂದಿ ವಾಪಸ್ ಗದ್ದೆಗೆ ಹೋಗುತ್ತಾ, ರಸ್ತೆ ಬದಿಗೆ ಹೋಗುತ್ತಾ? ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುತ್ತೀರಾ, ಸಾಲಿಗೆ ಮುಚ್ಚುತ್ತೀರಾ? ಇನ್ನೊಂದು ಮಾತು, ಮಳೆಗಾಲದಲ್ಲಿ ಸಿಪ್ಪೆ ಒಣಗದೆ ಇದ್ದಾಗ ಹಳೇ ಟಯರು, ಪ್ಲಾಸ್ಟಿಕ್ ಒಲೆಗೆ ಹಾಕುವ ಚಾಳಿ ಕೆಲವು ಕಡೆ ಇದೆ. ನಿಮ್ಮಲ್ಲಿ ಇಲ್ಲ ಅಂದುಕೊಳ್ಳುತ್ತೇನೆ.

ಎಥೆನಾಲ್ ಬಗ್ಗೆ ನಿಮ್ಮ ಸಿಟ್ಟು ಅರ್ಥವಾಗುತ್ತೆ. ಪೆಟ್ರೋಲಿಗೆ 20 ಪರ್ಸೆಂಟ್ ಎಥೆನಾಲ್ ಬೆರೆಸುವ ಗುರಿ ಮೊದಲು 2030ಕ್ಕೆ ಇತ್ತು, ಅದನ್ನು ಐದು ವರ್ಷ ಹಿಂದಕ್ಕೆ ಎಳೆದುಕೊಂಡು 2025ರಲ್ಲೇ ಮುಟ್ಟಿದರು. ಅದಕ್ಕಾಗಿ ಡಿಸ್ಟಿಲರಿ ಕಟ್ಟಲು ಸಾಲದ ಬಡ್ಡಿಯಲ್ಲಿ ಸಹಾಯ, ಖರೀದಿಗೆ ಕಟ್ಟಿದ ಬೆಲೆ, ಎಲ್ಲ ಕೊಟ್ಟರು. ಆದರೆ ಆ ದಾರಿಯೂ ಹೂವಿನ ಹಾಸಿಗೆ ಅಲ್ಲ. 2023ರ ಡಿಸೆಂಬರ್‌ನಲ್ಲಿ ಸಕ್ಕರೆ ಕಡಿಮೆ ಬೀಳುತ್ತೆ ಅಂತ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ಒಂದೇ ಆದೇಶದಲ್ಲಿ ತಡೆ ಬಿತ್ತು, ಸಾಲ ಮಾಡಿ ಟ್ಯಾಂಕು ಕಟ್ಟಿದವರು ಬಾಯಿ ಬಿಟ್ಟುಕೊಂಡು ನೋಡಿದರು, ಮುಂದಿನ ವರ್ಷ ಆಗಸ್ಟ್‌ನಲ್ಲಿ ಮತ್ತೆ ತೆಗೆದರು. ಸರ್ಕಾರದ ದುಡ್ಡು ನಂಬಿ ಕಟ್ಟಿದ ಸುತ್ತಿಗೆ ಈ ಭಯ ಯಾವಾಗಲೂ ಇದ್ದದ್ದೇ. ನಿಮಗೆ ಆ ಭಯ ಇಲ್ಲ.

ಒಂದು ಉಪಯೋಗದ ವಿಷಯ: ಸಕ್ಕರೆ ಕಾರ್ಖಾನೆಯ ಮಡ್ಡಿ, ಸಗಣಿ ಇತ್ಯಾದಿಯಿಂದ ಗ್ಯಾಸ್ ತೆಗೆದ ಮೇಲೆ ಉಳಿಯುವ ಗೊಬ್ಬರಕ್ಕೆ 2023ರಲ್ಲಿ ಟನ್ನಿಗೆ 1,500 ರೂಪಾಯಿ ಸಹಾಯಧನ ಕಟ್ಟಿದರು. ಅದು ಸಿಗುವುದು ನೋಂದಣಿ ಇರುವ ಗ್ಯಾಸ್ ಘಟಕದ ಗೊಬ್ಬರಕ್ಕೆ. ಹತ್ತಿರದಲ್ಲಿ ಅಂಥ ಘಟಕ ಇದ್ದರೆ ಗೊಬ್ಬರದ ರೇಟು ಕೇಳಿ ನೋಡಿ.

ಪ್ರಶ್ನೆ: ನಾನು ಮಾನಸಗಂಗೋತ್ರಿಯಲ್ಲಿ ಎಂಬಿಎ ವಿದ್ಯಾರ್ಥಿನಿ. ಸೆಮಿನಾರಿನಲ್ಲಿ ಜಗಳವಾಯಿತು. ಸಬ್ಸಿಡಿಯನ್ನು ತಯಾರಕನಿಗೆ ಕೊಡಬೇಕಾ, ಸಂಗ್ರಹ ಮಾಡುವವನಿಗಾ, ಗ್ರಾಹಕನಿಗಾ? ಒಂದೇ ಮಾತಲ್ಲಿ ಹೇಳಿ.

ಉತ್ತರ: ಒಂದೇ ಮಾತಲ್ಲಿ ಅಂದರೆ, ವಾಪಸ್ ತರುವವನ ಕೈಗೆ. ನಿಮ್ಮ ಪಠ್ಯದ ಸೂತ್ರದಲ್ಲಿ ಯಾರಿಗೆ ಕೊಟ್ಟರೂ ಬೆಲೆಯ ಮೂಲಕ ಎಲ್ಲರಿಗೂ ಹಂಚಿಹೋಗುತ್ತೆ ಅಂತ ಬರುತ್ತದೆ, ಪೈಪೋಟಿ ಚೆನ್ನಾಗಿದ್ದರೆ ಅದು ನಿಜ. ಆದರೆ ಮೇಲೆ ನಾಲ್ಕು ಕಂಪನಿ, ಕೆಳಗೆ ಸಾವಿರ ಗುಜರಿಯವರು ಇರುವಲ್ಲಿ ಮೇಲೆ ಹಾಕಿದ ನೀರು ಕೆಳಗೆ ಇಳಿಯುವುದಿಲ್ಲ, ಮೇಲೇ ನಿಲ್ಲುತ್ತದೆ. ತಯಾರಕನೇ ಕೊನೆತನಕ ಜವಾಬ್ದಾರ ಅನ್ನುವ ಮಾತನ್ನು 1990ರಲ್ಲಿ ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ ಅಲ್ಲಿನ ಪರಿಸರ ಸಚಿವಾಲಯಕ್ಕೆ ಕೊಟ್ಟ ವರದಿಯಲ್ಲಿ ಮುಂದಿಟ್ಟರು. ಅವರ ಆಸೆ, ವಾಪಸ್ ಬರುವ ಖರ್ಚು ತನ್ನ ತಲೆಗೇ ಬಂದರೆ ಕಂಪನಿ ಸುಲಭವಾಗಿ ಬಿಚ್ಚಬಹುದಾದ ಸಾಮಾನು ಮಾಡುತ್ತೆ ಅಂತ. ನಿಮ್ಮ ಮೊಬೈಲಿನ ಬ್ಯಾಟರಿ ಬಿಚ್ಚಲು ಪ್ರಯತ್ನಿಸಿ, ಆ ಆಸೆ ಎಷ್ಟು ಈಡೇರಿದೆ ಅಂತ ಗೊತ್ತಾಗುತ್ತೆ.

ಸೆಮಿನಾರಿಗೆ ಬೇಕಾದ ಉದಾಹರಣೆ ಪಕ್ಕದಲ್ಲೇ ಇದೆ. ಬಂಡೀಪುರ ದಾಟಿ ಊಟಿ ದಾರಿ ಹಿಡಿದರೆ ನೀಲಗಿರಿ ಜಿಲ್ಲೆ. ಕಾಡಿನಲ್ಲಿ ಒಡೆದ ಬಾಟಲಿ ಆನೆಗಳ ಕಾಲಿಗೆ ಚುಚ್ಚುತ್ತದೆ ಅಂತ ಮದ್ರಾಸ್ ಹೈಕೋರ್ಟ್ ಹೇಳಿ, 2022ರಲ್ಲಿ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಜಾಸ್ತಿ ಹಿಡಿದು, ಖಾಲಿ ಬಾಟಲಿ ತಂದವರಿಗೆ ಆ 10 ರೂಪಾಯಿ ವಾಪಸ್ ಕೊಡುವ ಪದ್ಧತಿ ಬಂತು. 90 ಪರ್ಸೆಂಟಿಗೂ ಜಾಸ್ತಿ ಬಾಟಲಿ ವಾಪಸ್ ಬಂದವು. ಕುಡಿದವನು ಎಸೆದರೂ ಇನ್ನೊಬ್ಬ ಆರಿಸಿಕೊಂಡು ಬರುತ್ತಾನೆ, 10 ರೂಪಾಯಿ ಯಾರಿಗೆ ಬೇಡ? ಸಬ್ಸಿಡಿ ಅಂತ ಸರ್ಕಾರದ ಜೇಬಿನಿಂದ ಹೋಗಲಿಲ್ಲ, ಕುಡಿದವನದೇ ದುಡ್ಡು. ಜರ್ಮನಿಯಲ್ಲಿ ಇದೇ ಪದ್ಧತಿ ಬಿಸಾಡುವ ಬಾಟಲಿಗಳಿಗೂ 2003ರಿಂದ ಇದೆ, ಅಲ್ಲಿ ಬಾಟಲಿಗೆ 25 ಸೆಂಟು. ಮಹಾರಾಷ್ಟ್ರದಲ್ಲಿ 2018ರಲ್ಲಿ ಹಾಲಿನ ಪ್ಯಾಕೆಟ್ಟಿಗೆ 50 ಪೈಸೆ ಅಂತ ಆದೇಶ ಮಾಡಿದರು, ಅದು ಕುಂಟಿತು. 50 ಪೈಸೆಗೆ ಯಾರು ಪ್ಯಾಕೆಟ್ ತೊಳೆದು, ಒಣಗಿಸಿ, ಅಂಗಡಿಗೆ ಹೊತ್ತುಕೊಂಡು ಹೋಗುತ್ತಾರೆ? ನಮ್ಮ ಮನೆಯಲ್ಲಿ ನಂದಿನಿ ಪ್ಯಾಕೆಟ್ಟುಗಳನ್ನು ತೊಳೆದು ಕಿಟಕಿ ಸರಳಿಗೆ ಸಿಕ್ಕಿಸುವುದು ಅಮ್ಮನ ಅಭ್ಯಾಸ, ಅದು ದುಡ್ಡಿಗಲ್ಲ, ಅಮ್ಮನಿಗೆ ಬಿಸಾಡಲು ಬರುವುದಿಲ್ಲ ಅಷ್ಟೇ.

ಇನ್ನೂ ಬೇಕಾದರೆ ಅಶೋಕ ರಸ್ತೆಯ ಚಿನ್ನದ ಅಂಗಡಿಗಳ ಕಡೆ ಹೋಗಿ. ಅಕ್ಕಸಾಲಿಗರು ಕೂತ ಜಾಗದ ಧೂಳಿಗೂ ಬೆಲೆ ಇದೆ. ಅದನ್ನು ಕೊಂಡು, ಜರಡಿ ಹಿಡಿದು, ತೊಳೆದು ಚಿನ್ನ ತೆಗೆಯುವವರಿದ್ದಾರೆ. ಆ ಸುತ್ತಿಗೆ ಯಾವ ಯೋಜನೆಯೂ ಬೇಕಾಗಲಿಲ್ಲ. ಪ್ಲಾಸ್ಟಿಕ್ ಕವರಿಗೆ ಆ ಬೆಲೆ ಇಲ್ಲ, ಇಲ್ಲದ ಬೆಲೆಯನ್ನು ಎಷ್ಟು ಪೈಸೆ ಸೇರಿಸಿ ಹುಟ್ಟಿಸಬೇಕು ಅನ್ನುವುದೇ ನಿಮ್ಮ ಸೆಮಿನಾರಿನ ನಿಜವಾದ ಪ್ರಶ್ನೆ. ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕಕ್ಕೂ ಒಮ್ಮೆ ಹೋಗಿ ಬನ್ನಿ. ಕಸವನ್ನು ಬಗೆಬಗೆಯಾಗಿ ಬೇರೆ ಮಾಡಿ ಕೂತಿರುವವರನ್ನು, ಯಾವುದಕ್ಕೆ ಕೊಳ್ಳುವವರು ಬರುತ್ತಾರೆ, ಯಾವುದಕ್ಕೆ ಬರುವುದಿಲ್ಲ ಅಂತ ಕೇಳಿ. ಪಿಪಿಟಿ ತಾನಾಗಿ ತಯಾರಾಗುತ್ತೆ.

ಪ್ರಶ್ನೆ: ನಮ್ಮ ತಂದೆಯ ಯೆಜ್ಡಿ ಬೈಕ್ ಇದೆ. ಸ್ಕ್ರ್ಯಾಪ್‌ಗೆ ಹಾಕಿದರೆ ಹೊಸ ಗಾಡಿಗೆ ತೆರಿಗೆ ವಿನಾಯಿತಿ ಸಿಗುತ್ತೆ ಅಂತಾರೆ. ಹಾಕಿಬಿಡಲಾ? (ಯಾದವಗಿರಿ, ಮೈಸೂರು)

ಉತ್ತರ: ಯಾದವಗಿರಿಯಲ್ಲಿ ಕೂತು ಈ ಪ್ರಶ್ನೆ ಕೇಳುತ್ತೀರಲ್ಲ! ಆ ಗಾಡಿ ಹುಟ್ಟಿದ್ದೇ ನಿಮ್ಮ ಬೀದಿ ಆಚೆ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅದರ ಬೈಕುಗಳು ಇನ್ನೂ ಓಡುತ್ತಿವೆ, ಅದಕ್ಕೆ ಬೇಕಾದ ಮೆಕ್ಯಾನಿಕ್ಕುಗಳೂ ನಮ್ಮೂರಿನಲ್ಲಿ ಇನ್ನೂ ಇದ್ದಾರೆ.

ನಿಯಮ ಹೀಗಿದೆ: ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು, ಗಾಡಿ ಒಪ್ಪಿಸಿದ್ದಕ್ಕೆ ಅವರು ಕೊಡುವ ಠೇವಣಿ ಪ್ರಮಾಣಪತ್ರ ತಂದರೆ, ಹೊಸ ಸ್ವಂತ ವಾಹನದ ರಸ್ತೆ ತೆರಿಗೆಯಲ್ಲಿ 25 ಪರ್ಸೆಂಟ್ ತನಕ ರಿಯಾಯಿತಿ ಕೊಡಬಹುದು ಅಂತ ಕೇಂದ್ರದ ನಿಯಮ. ಎಷ್ಟು ಕೊಡುತ್ತಾರೆ ಅನ್ನುವುದನ್ನು ಆರ್‌ಟಿಒದಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಇಟ್ಟುಕೊಳ್ಳುವುದಾದರೆ, 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಬೈಕಿನ ನೋಂದಣಿ ನವೀಕರಣಕ್ಕೆ ಕೇಂದ್ರ ಕಟ್ಟಿದ ಶುಲ್ಕ 2,000 ರೂಪಾಯಿ. ದಿನಾ ಓಡಿಸುವ ಹಾಗಿದ್ದರೆ ಕೊಟ್ಟುಬಿಡಿ ಅನ್ನುತ್ತಿದ್ದೆ, ಎರಡು ಸ್ಟ್ರೋಕಿನ ಹೊಗೆ ಒಳ್ಳೆಯದಲ್ಲ. ಭಾನುವಾರಕ್ಕೊಮ್ಮೆ ಚಾಮುಂಡಿ ಬೆಟ್ಟಕ್ಕೆ ಹೋಗಿ ಬರುವ ಗಾಡಿಯಾದರೆ ಕರಗಿಸಿ ಹೊಸ ಕಬ್ಬಿಣ ಮಾಡುವುದಕ್ಕಿಂತ ಇದ್ದ ಹಾಗೇ ಇಟ್ಟುಕೊಳ್ಳುವುದೇ ವಾಸಿ. ಅದರ ಬ್ಯಾಟರಿ ಸತ್ತಾಗ ಮಾತ್ರ ಕುವೆಂಪುನಗರದವರ ಪತ್ರ ಇನ್ನೊಂದು ಸಲ ಓದಿ.